ಬ್ಯಾಗು ಸಾಕು, ಗೇಟು ತೆಗೀರಿ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಅಲ್ಲಿನ ಸರ್ಕಾರಿ ಶಾಲೆಗಳ ಗೋಡೆಗಳಿಗೂ ಹೊಸ ಬಣ್ಣ ಬಂದಿದೆ. ಗೋಡೆ ಮೇಲೆ ರೈಲಿನ ಚಿತ್ರ, ಬಾಗಿಲ ಪಕ್ಕ ಕಂಪನಿ ಬೋರ್ಡು. ಬೆಂಚಿಗೆ ಕಂಪನಿ ಹೆಸರು, ನೀರಿನ ಟ್ಯಾಂಕಿಗೆ ಕಂಪನಿ ಹೆಸರು, ಮಗುವಿನ ಬೆನ್ನ ಮೇಲಿನ ಬ್ಯಾಗಿಗೂ ಕಂಪನಿ ಹೆಸರು. ಹಿಂದೆ ಧಣಿಗಳು ತಮ್ಮ ದನಕ್ಕೆ ಬರೆ ಹಾಕಿ ಗುರುತು ಮಾಡ್ತಿದ್ದರು, ಈಗ ಬಣ್ಣದಲ್ಲಿ ಮಾಡ್ತಾರೆ.

ಅಂಥಾ ಒಂದು ಶಾಲೇಲಿ ಬ್ಯಾಗು ಹಂಚೋ ಸಮಾರಂಭಕ್ಕೆ ನಾವೂ ಹೋಗಿದ್ದೆವು. ಹತ್ತು ಗಂಟೆಗೆ ಬರಬೇಕಿದ್ದ ಸಾಹೇಬರು ಹನ್ನೆರಡೂವರೆಗೆ ಬಂದರು. ಅಲ್ಲೀತನಕ ಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತಿದ್ದವು. ಒಂದು ಬ್ಯಾಗನ್ನ ನಾಲ್ಕು ಜನ ದೊಡ್ಡವರು ಹಿಡಿದುಕೊಂಡು, ಆ ಕಡೆ ಒಂದು ಮಗೂನ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಹೆಡ್‌ಮಾಸ್ತರು ಭಾಷಣ ಮಾಡುತ್ತಾ ಕಂಪನಿಯನ್ನ ಕಲಿಯುಗದ ಕರ್ಣ ಅಂದರು.

ಕರ್ಣ ಕೊಟ್ಟದ್ದು ಮೈಗೆ ಅಂಟಿದ್ದ ಕವಚವನ್ನ, ರಕ್ತ ಸೋರಿಸಿಕೊಂಡು. ಈ ಕಂಪನಿಗಳು ಕೊಡ್ತಿರೋದು ಕಾನೂನಿನ ಪ್ರಕಾರ ಖರ್ಚು ಮಾಡಲೇಬೇಕಾದ ಹಣವನ್ನ. ಇದು ಹೆಡ್‌ಮಾಸ್ತರಿಗೆ ಗೊತ್ತಿತ್ತೋ ಇಲ್ಲವೋ, ಆ ಸಾಹೇಬರಿಗಂತೂ ಗೊತ್ತಿತ್ತು. ನಮ್ಮ ಹಾಸ್ಟೆಲ್ ಹುಡುಗರಿಗೂ ಗೊತ್ತಿರಬೇಕು ಅಂತ ಇಲ್ಲಿ ಬರೀತಾ ಇದ್ದೇವೆ.

೨೦೧೩ರ ಕಂಪನಿ ಕಾಯ್ದೆಯ ೧೩೫ನೇ ಸೆಕ್ಷನ್ ೨೦೧೪ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವರ್ಷಕ್ಕೆ ಐದು ಕೋಟಿ ನಿವ್ವಳ ಲಾಭ, ಇಲ್ಲಾ ಸಾವಿರ ಕೋಟಿ ವಹಿವಾಟು, ಇಲ್ಲಾ ಐನೂರು ಕೋಟಿ ನಿವ್ವಳ ಆಸ್ತಿ, ಈ ಮೂರರಲ್ಲಿ ಒಂದಿದ್ದರೂ ಸಾಕು. ಆ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನ ಸಮಾಜದ ಕೆಲಸಕ್ಕೆ ಹಾಕಬೇಕು. ಶಾಲೆ, ಕೌಶಲ್ಯ ತರಬೇತಿ, ಆರೋಗ್ಯ, ಹೀಗೆ ಒಂದು ಪಟ್ಟಿ ಇದೆ. ಹಿಂದುಳಿದ ಗುಂಪುಗಳು ಅನುಭವಿಸೋ ಅಸಮಾನತೆ ತಗ್ಗಿಸೋದು ಅಂತಲೂ ಆ ಪಟ್ಟಿಯಲ್ಲಿದೆ, ಆ ಸಾಲನ್ನ ಯಾರೂ ವೇದಿಕೆ ಮೇಲೆ ಓದೋದಿಲ್ಲ. ಕಂಪನಿ ಇರೋ ಸುತ್ತಮುತ್ತಲ ಪ್ರದೇಶಕ್ಕೇ ಆದ್ಯತೆ ಕೊಡಬೇಕು ಅಂತಾನೂ ಅದೇ ಸೆಕ್ಷನ್ ಹೇಳುತ್ತೆ. ಮೊದಮೊದಲು ಖರ್ಚು ಮಾಡದಿದ್ದರೆ ಕಾರಣ ಬರೆದುಕೊಟ್ಟರೆ ಸಾಕಿತ್ತು. ೨೦೨೧ರಿಂದ ಉಳಿದ ಹಣವನ್ನ ಸರ್ಕಾರಿ ನಿಧಿಗೋ, ಮುಂದಿನ ಖರ್ಚಿನ ಖಾತೆಗೋ ಕಟ್ಟಬೇಕು. ಕಟ್ಟದಿದ್ದರೆ ದಂಡ. ಕಂದಾಯ ಕಟ್ಟಿದವನಿಗೆ ತಹಶೀಲ್ದಾರ ಹಾರ ಹಾಕ್ತಾನಾ? ಮತ್ತೆ ಇವರಿಗೆ ನಮ್ಮ ಮಕ್ಕಳ ಕೈಯಲ್ಲಿ ಯಾಕೆ ಹೂ ಕೊಡಿಸ್ತೀರಿ?

ಇನ್ನೊಂದು ಲೆಕ್ಕ ಕೇಳಿ. ೨೦೨೨–೨೩ರಲ್ಲಿ ಇಡೀ ದೇಶದ ಕಂಪನಿಗಳು ಸೇರಿ ಈ ಬಾಬತ್ತಿಗೆ ಮಾಡಿದ ಖರ್ಚು ಸುಮಾರು ೩೦ ಸಾವಿರ ಕೋಟಿ ರೂಪಾಯಿ. ಅದರಲ್ಲಿ ಶಿಕ್ಷಣದ ಪಾಲು ಹತ್ತತ್ತಿರ ಮೂರನೇ ಒಂದು ಭಾಗ. ದೊಡ್ಡ ಮೊತ್ತವೇ. ಆದರೆ ೨೦೧೯ರ ಸೆಪ್ಟೆಂಬರ್ ೨೦ರಂದು ಕೇಂದ್ರ ಸರ್ಕಾರ ಕಂಪನಿ ತೆರಿಗೆಯನ್ನ ನೂರಕ್ಕೆ ಮೂವತ್ತರಿಂದ ಇಪ್ಪತ್ತೆರಡಕ್ಕೆ ಇಳಿಸಿತು. ಅದರಿಂದ ಬೊಕ್ಕಸಕ್ಕೆ ಖೋತಾ ಆಗೋದು ವರ್ಷಕ್ಕೆ ೧ ಲಕ್ಷ ೪೫ ಸಾವಿರ ಕೋಟಿ ಅಂತ ಹಣಕಾಸು ಮಂತ್ರಿಗಳೇ ಆವತ್ತು ಹೇಳಿದರು. ಅಂದರೆ ಬಲಗೈಯಲ್ಲಿ ಐದು ರೂಪಾಯಿ ಬಿಟ್ಟುಕೊಟ್ಟು ಎಡಗೈಯಲ್ಲಿ ಒಂದು ರೂಪಾಯಿ ಈಸಿಕೊಂಡ ಹಾಗೆ. ಆ ಐದು ರೂಪಾಯಿ ಸರ್ಕಾರದ ಹತ್ತಿರವೇ ಇದ್ದಿದ್ದರೆ ಮೇಷ್ಟ್ರನ್ನ ನೇಮಿಸಬಹುದಿತ್ತು. ಮೇಷ್ಟ್ರ ನೇಮಕಕ್ಕೆ ಮೀಸಲಾತಿ ಇದೆ. ಬ್ಯಾಗಿನ ಟೆಂಡರಿಗೆ ಏನಿದೆ?

ಈಗ 'ಶಾಲೆ ದತ್ತು' ಅಂತ ಒಂದು ಮಾತು ಬಂದಿದೆ. ಕಂಪನಿ ಶಾಲೆಯನ್ನ ದತ್ತು ತಗೊಂಡಿತು ಅಂತ ಪೇಪರಿನಲ್ಲಿ ಹಾಕ್ತಾರೆ. ಅಪ್ಪ ಅಮ್ಮ ಸತ್ತ ಮಗೂನ ದತ್ತು ತಗೊಳ್ಳೋದು ಕೇಳಿದ್ದೇವೆ. ಇಲ್ಲಿ ಅಪ್ಪ ಗಟ್ಟಿಮುಟ್ಟಾಗಿ ವಿಧಾನಸೌಧದಲ್ಲಿ ಕೂತಿದ್ದಾನೆ. ಉಳ್ಳವರ ಮಕ್ಕಳು ಆಗಲೇ ಕಾನ್ವೆಂಟು ಬಸ್ ಹತ್ತಿ ಹೋಗಿಬಿಟ್ಟವು. ಸರ್ಕಾರಿ ಶಾಲೆಯಲ್ಲಿ ಉಳಿದದ್ದು ನಮ್ಮ ಕೇರಿಯ ಮಕ್ಕಳು, ಒಕ್ಕಲುತನ ಇಲ್ಲದ ಬಡವರ ಮಕ್ಕಳು, ಕೂಲಿಗೆ ವಲಸೆ ಬಂದವರ ಮಕ್ಕಳು. ನಮ್ಮವೇ ಉಳಿದ ಮೇಲೆ ತಾನೇ ದತ್ತು ಕೊಡೋ ಮಾತು ಬಂದದ್ದು?

ಕಕ್ಕಸಿನ ವಿಚಾರ ಹೇಳದಿದ್ದರೆ ಈ ಲೇಖನ ಪೂರ್ತಿಯಾಗೋದಿಲ್ಲ. ೨೦೧೪ರ ನಂತರ ಶಾಲೆಗಳಿಗೆ ಶೌಚಾಲಯ ಕಟ್ಟಿಸಿಕೊಡೋದರಲ್ಲಿ ಕಂಪನಿಗಳು ನಾ ಮುಂದು ತಾ ಮುಂದು ಅಂತ ಬಂದವು. ಕಟ್ಟಡ ಬಂತು, ಟೈಲ್ಸು ಬಂತು, ಬೋರ್ಡು ಬಂತು. ತೊಳೆಯೋರಿಗೆ ಸಂಬಳ? ಅದು ಫೋಟೋದಲ್ಲಿ ಕಾಣೋದಿಲ್ಲವಲ್ಲ. ೨೦೨೩ರ ಡಿಸೆಂಬರ್‌ನಲ್ಲಿ ಇದೇ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ನಮ್ಮ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿ ಕ್ಲೀನ್ ಮಾಡಿಸಿದರು. ವಿಡಿಯೋ ಹೊರಗೆ ಬಂದು ನಾಡೆಲ್ಲ ನೋಡಿತು, ಪೊಲೀಸು ಕೇಸಾಯಿತು, ಬಂಧನವಾಯಿತು. ಆ ಕಕ್ಕಸು ಯಾರು ಕಟ್ಟಿಸಿದ್ದು ಅನ್ನೋದು ನಮ್ಮ ಪ್ರಶ್ನೆ ಅಲ್ಲ. ಕಟ್ಟಿಸೋದಕ್ಕೆ ದುಡ್ಡು ಕೊಡೋ ಯಾರಿಗೂ, ಸರ್ಕಾರವಾಗಲಿ ಕಂಪನಿಯಾಗಲಿ, ಇದನ್ನ ನಾಳೆ ತೊಳೆಯೋರು ಯಾರು ಅಂತ ಕೇಳಬೇಕು ಅನ್ನಿಸೋದೇ ಇಲ್ಲ. ಯಾಕೆ ಅನ್ನಿಸೋದಿಲ್ಲ ಅಂದರೆ ಈ ದೇಶದಲ್ಲಿ ಆ ಪ್ರಶ್ನೆಗೆ ಹುಟ್ಟಿನಿಂದಲೇ ಉತ್ತರ ಇದೆ.

ಈಗ ಮೂಲಕ್ಕೆ ಬರೋಣ. ಕಂಪನಿಗಳಿಗೆ ನಮ್ಮ ಓದಿನ ಮೇಲೆ ಇಷ್ಟು ಪ್ರೀತಿ ಯಾವಾಗ ಹುಟ್ಟಿತು? ೧೯೯೧ರ ನಂತರ ಸರ್ಕಾರಿ ನೌಕರಿ ಕರಗುತ್ತಾ ಬಂತು. ಮೀಸಲಾತಿ ಕಾಗದದ ಮೇಲೆ ಉಳೀತು, ಕುರ್ಚಿ ಮಾಯವಾಯಿತು. ಆಗ ನಮ್ಮ ಜನ ಖಾಸಗಿ ಕಂಪನಿಯಲ್ಲೂ ಪಾಲು ಬೇಕು ಅಂದರು. ೨೦೦೨ರ ಜನವರಿಯಲ್ಲಿ ಭೋಪಾಲದಲ್ಲಿ ದಲಿತ ಚಿಂತಕರು ಸೇರಿ ಹೊರಡಿಸಿದ ಘೋಷಣೆಯಲ್ಲಿ ಈ ಬೇಡಿಕೆ ಇತ್ತು. ೨೦೦೪ರಲ್ಲಿ ಬಂದ ಕೇಂದ್ರ ಸರ್ಕಾರ ಖಾಸಗಿ ವಲಯದ ಮೀಸಲಾತಿ ಬಗ್ಗೆ ಚರ್ಚೆ ಮಾಡ್ತೀವಿ ಅಂತ ತನ್ನ ಕನಿಷ್ಠ ಕಾರ್ಯಕ್ರಮದಲ್ಲೇ ಬರೆದುಕೊಂಡಿತು. ಉದ್ಯಮಪತಿಗಳಿಗೆ ಎದೆ ಝಲ್ಲೆಂದಿತು. ೨೦೦೬ರಲ್ಲಿ ಅವರ ಸಂಘಗಳು ಟಾಟಾ ಬಳಗದ ಜೆ. ಜೆ. ಇರಾನಿ ಅವರ ಮುಂದಾಳತ್ವದಲ್ಲಿ ಒಂದು ವರದಿ ಕೊಟ್ಟವು. ಸಾರಾಂಶ ಇಷ್ಟು: ಕಾನೂನು ಬೇಡ, ಮೀಸಲಾತಿ ಬೇಡ, ನಾವೇ ಸ್ವಂತ ಇಚ್ಛೆಯಿಂದ ಸ್ಕಾಲರ್‌ಶಿಪ್ ಕೊಡ್ತೀವಿ, ಕೋಚಿಂಗ್ ಕೊಡ್ತೀವಿ, ತರಬೇತಿ ಕೊಟ್ಟು ಅವರನ್ನ ಕೆಲಸಕ್ಕೆ ಲಾಯಕ್ಕು ಮಾಡ್ತೀವಿ.

ನೋಡಿದಿರಾ? ನಾವು ಕೇಳಿದ್ದು ಕೆಲಸ. ಅವರು ಕೊಟ್ಟದ್ದು ಪಾಠ. ನಾವು ಕೇಳಿದ್ದು ಪಾಲು, ಅವರು ಕೊಟ್ಟದ್ದು ಬ್ಯಾಗು. ಶಾಲೆ ಬಾಗಿಲಿಗೆ ಬರೋ ಈ ದಾನ ಕಾರ್ಖಾನೆ ಬಾಗಿಲಲ್ಲಿ ನಮಗೆ ಸಿಕ್ಕ 'ಇಲ್ಲ' ಅನ್ನೋ ಮಾತಿನ ಬದಲಿಗೆ ಬಂದದ್ದು.

ಅದರಲ್ಲೂ ಈ 'ಕೌಶಲ್ಯ' ಅನ್ನೋ ಮಾತನ್ನ ಸ್ವಲ್ಪ ತಿರುವಿ ಹಾಕಿ ನೋಡಬೇಕು. ನಮ್ಮೋರಿಗೆ ಕೌಶಲ್ಯ ಇಲ್ಲವಂತೆ! ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ಮಟ್ಟು ಹಾಕಿ ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟವರು ಯಾರು? ತಮಟೆಗೆ ಚರ್ಮ ಬಿಗಿದು, ಬೆಂಕಿಗೆ ಕಾಯಿಸಿ ನಾದ ಹಿಡಿಯೋದು ಕೌಶಲ್ಯ ಅಲ್ಲವಾ? ಕೆರೆಯ ತೂಬು ಎತ್ತಿ ಅಳತೆಗೆ ನೀರು ಬಿಟ್ಟ ನೀರುಗಂಟಿ ಯಾವ ಐ.ಟಿ.ಐ.ನಲ್ಲಿ ಓದಿದ್ದ? ಕೌಶಲ್ಯಕ್ಕೆ ಈ ದೇಶದಲ್ಲಿ ಎಂದೂ ಕೊರತೆ ಇರಲಿಲ್ಲ. ಕೌಶಲ್ಯ ಇದ್ದವನಿಗೆ ಕೂಲಿ ಇರಲಿಲ್ಲ, ಮರ್ಯಾದೆ ಇರಲಿಲ್ಲ, ಆ ಕೆಲಸ ಬಿಟ್ಟು ಇನ್ನೊಂದು ಹಿಡಿಯೋ ಸ್ವಾತಂತ್ರ್ಯ ಇರಲಿಲ್ಲ. ಜಾತಿ ಬರೀ ಕೆಲಸವನ್ನ ಹಂಚಿಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಮೇಲೆ ಕೆಳಗೆ ಅಂತ ಕತ್ತರಿಸಿ ಇಟ್ಟಿದೆ ಅಂತ ಬಾಬಾಸಾಹೇಬರು ೧೯೩೬ರಷ್ಟು ಹಿಂದೆಯೇ ತೋರಿಸಿಕೊಟ್ಟರು.

೧೯೫೩ರಲ್ಲಿ ಪಕ್ಕದ ಮದರಾಸಿನಲ್ಲಿ ರಾಜಾಜಿ ಒಂದು ಯೋಜನೆ ತಂದರು. ಹಳ್ಳಿ ಮಕ್ಕಳಿಗೆ ಅರ್ಧ ದಿನ ಶಾಲೆ, ಇನ್ನರ್ಧ ದಿನ ಅಪ್ಪನ ಕಸುಬು. ಕುಂಬಾರನ ಮಗ ಮಡಕೆ ಮಾಡಲಿ, ಚಮ್ಮಾರನ ಮಗ ಚರ್ಮ ಹಿಡೀಲಿ. ಕೇಳೋದಕ್ಕೆ ಎಷ್ಟು ಚೆಂದ! ಕಸುಬೂ ಉಳೀತು, ಓದೂ ಆಯಿತು. ಪೆರಿಯಾರ್ ಇದನ್ನ ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿದರು. ೧೯೫೪ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಮುಂದೆ ಬಂದ ಕಾಮರಾಜರು ಯೋಜನೆಯನ್ನ ಕಿತ್ತು ಹಾಕಿದರು. ಇವತ್ತು ಯಾರೂ ಅಷ್ಟು ಬಾಯಿಬಿಟ್ಟು ಹೇಳೋದಿಲ್ಲ. ಆದರೆ ಯಾವ ಶಾಲೆಗೆ ಯಾವ ತರಬೇತಿ ಬರುತ್ತೆ ನೋಡಿ. ಸರ್ಕಾರಿ ಶಾಲೆ ಹುಡುಗರಿಗೆ ವೆಲ್ಡಿಂಗು, ವೈರಿಂಗು, ಸೆಕ್ಯುರಿಟಿ ಗಾರ್ಡು, ಹೌಸ್‌ಕೀಪಿಂಗು. ಹುಡುಗಿಯರಿಗೆ ಹೊಲಿಗೆ ಮಿಷನ್ನು, ಬ್ಯೂಟಿ ಪಾರ್ಲರು. ಕಾನ್ವೆಂಟಿನ ಮಕ್ಕಳಿಗೆ ಯಾವ ಕಂಪನಿಯಾದರೂ ಹೋಗಿ ಹೌಸ್‌ಕೀಪಿಂಗ್ ಕಲಿಸಿದ್ದು ಕಂಡಿದ್ದೀರಾ? ವೆಲ್ಡಿಂಗ್ ಕೀಳು ಅಂತ ನಾವು ಹೇಳ್ತಿಲ್ಲ. ನಮ್ಮ ಎಷ್ಟೋ ಮನೆಗಳ ಒಲೆ ಉರಿಯೋದು ಅದರಿಂದಲೇ. ಆದರೆ ಮೇಲಿನ ಮೆಟ್ಟಿಲಿಗೆ ದಾರಿ ಇಲ್ಲದ ಕಲಿಕೆ ಕಲಿಕೆಯಲ್ಲ, ಹೊಸ ಕುಲಕಸುಬು.

ಕಂಪನಿ ನೆರಳಲ್ಲಿ ಓದಿ ಬೆಳೆದ ಜನರ ಗತಿ ಏನಾಗುತ್ತೆ ಅಂತ ತಿಳಿಯೋದಕ್ಕೆ ನಾವು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲೇ ಕೆ.ಜಿ.ಎಫ್ ಇದೆ. ೧೮೮೦ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಚಿನ್ನ ತೆಗೀತು. ಮೇಲೆ ಬಿಳಿಯರು, ಅವರ ಕೆಳಗೆ ಆಂಗ್ಲೋ ಇಂಡಿಯನ್ನರು, ಆಫೀಸಿನಲ್ಲಿ ಮೇಲುಜಾತಿ ಗುಮಾಸ್ತರು, ಮೂರು ಕಿಲೋಮೀಟರಿಗೂ ಆಳದ ಸುರಂಗದೊಳಕ್ಕೆ ಉತ್ತರ ಆರ್ಕಾಟಿನ ಕಡೆಯಿಂದ ಬಂದ ನಮ್ಮ ಆದಿದ್ರಾವಿಡ ಜನ. ಕಂಪನಿ ಆಸ್ಪತ್ರೆ ಇತ್ತು, ಕಂಪನಿ ಶಾಲೆ ಇತ್ತು, ೧೯೦೨ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು. ಕೂಲಿ ಲೈನುಗಳಲ್ಲಿ ಮಾತ್ರ ತಟ್ಟಿ ಗುಡಿಸಲು.

ಆದರೆ ಗೆಳೆಯರೇ, ಆ ಜನ ಕಂಪನಿ ಕಲಿಸಿದ್ದನ್ನ ಮಾತ್ರ ಕಲಿತು ಕೂರಲಿಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಮಾರಿಕುಪ್ಪದಲ್ಲಿ ಅಯೋತ್ತಿ ದಾಸರ ಬೌದ್ಧ ಸಂಘದ ಶಾಖೆ ಕಟ್ಟಿದರು. ಅವರ 'ತಮಿಳನ್' ಪತ್ರಿಕೆ, ಅವರು ತೀರಿಹೋದ ಮೇಲೆ, ಇದೇ ಕೆ.ಜಿ.ಎಫ್ ನೆಲದಿಂದ ಹೊರಬಂತು. ಸುರಂಗದಿಂದ ಮೇಲೆ ಬಂದು, ಮೈ ತೊಳೆದುಕೊಂಡು, ಪತ್ರಿಕೆ ಓದಿ ವಾದ ಮಾಡ್ತಿದ್ದ ಜನ ಅವರು. ಅಂಥಾ ಪಾಠವನ್ನ ಯಾವ ಕಂಪನಿಯೂ ಸ್ಪಾನ್ಸರ್ ಮಾಡೋದಿಲ್ಲ. ೧೯೫೬ರಲ್ಲಿ ಗಣಿ ಸರ್ಕಾರಕ್ಕೆ ಬಂತು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಬಂಡೆ ಕೊರೆದು ಚಿನ್ನ ತೆಗೆಯೋ ಕೌಶಲ್ಯ ಲೋಕದಲ್ಲಿ ಎಷ್ಟು ಜನಕ್ಕಿತ್ತು? ಮಾರನೇ ದಿನ ಅದಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ. ಇವತ್ತಿಗೂ ಅವರ ಮಕ್ಕಳು ಮೊಮ್ಮಕ್ಕಳು ಕತ್ತಲಲ್ಲೇ ಎದ್ದು ಮಾರಿಕುಪ್ಪದ ರೈಲು ಹತ್ತಿ ಬೆಂಗಳೂರಿಗೆ ದುಡಿಯಕ್ಕೆ ಹೋಗ್ತಾರೆ. ಊರಲ್ಲಿ ಉಳಿದದ್ದು ಸಯನೈಡ್ ದಿಬ್ಬ.

ನಡುವೆ ಒಂದು ಕಾಲ ಇತ್ತು. ಎಚ್.ಎ.ಎಲ್, ಐ.ಟಿ.ಐ, ಎಚ್.ಎಂ.ಟಿ, ಬಿ.ಇ.ಎಲ್, ೧೯೬೪ರಲ್ಲಿ ಬಿ.ಇ.ಎಂ.ಎಲ್. ಇವು ಸರ್ಕಾರದ ಕಾರ್ಖಾನೆಗಳು. ಹುಡುಗರನ್ನ ಅಪ್ರೆಂಟಿಸ್ ಅಂತ ಒಳಕ್ಕೆ ಕರೆದು, ಕೆಲಸ ಕಲಿಸಿ, ಮೀಸಲಾತಿ ಪ್ರಕಾರ ಕಾಯಂ ಮಾಡಿಕೊಂಡದ್ದೂ ಉಂಟು. ನಮ್ಮ ಚಳವಳಿಗೆ ಮನೆಬಾಡಿಗೆ ಕಟ್ಟಿದ್ದು, ಪೋಸ್ಟರಿಗೆ ಕಾಸು ಕೊಟ್ಟದ್ದು, ಊರಿನ ತಮ್ಮಂದಿರನ್ನ ಕರೆಸಿಕೊಂಡು ಓದಿಸಿದ್ದು ಅಂಥಾ ಸಂಬಳದ ಮನೆಗಳು. ಅಲ್ಲಿ ಯಾರೂ ಬ್ಯಾಗು ಹಂಚಿ ಫೋಟೋ ತೆಗೆಸಲಿಲ್ಲ. ಸಂಬಳ ಕೊಟ್ಟರು, ಆ ಸಂಬಳದಲ್ಲಿ ಅಪ್ಪಂದಿರೇ ಮಕ್ಕಳಿಗೆ ಬ್ಯಾಗು ತಂದರು.

ಈಗಿನ ಕಥೆ ಏನು? ೨೦೨೦ರ ಡಿಸೆಂಬರ್ ೧೨. ನರಸಾಪುರದಲ್ಲಿ ಆಪಲ್ ಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರು ಸಂಬಳ ಸರಿಯಾಗಿ ಬಂದಿಲ್ಲ ಅಂತ ಸಿಟ್ಟಿಗೆದ್ದರು, ಗಾಜು ಪುಡಿಪುಡಿಯಾಯಿತು. ಅಲ್ಲಿ ಕಾಯಂ ಇದ್ದವರು ಸುಮಾರು ೧,೩೦೦, ಗುತ್ತಿಗೆಯವರು ಸುಮಾರು ೮,೫೦೦ ಅಂತ ಆಗ ಪತ್ರಿಕೆಗಳು ಬರೆದವು. ಐ.ಟಿ.ಐ, ಡಿಪ್ಲೊಮಾ ಓದಿದ ಹುಡುಗರು, ಅಂದರೆ ಇವರೇ ಹೇಳೋ 'ಕೌಶಲ್ಯ' ಇದ್ದವರು. ನೂರಕ್ಕೂ ಹೆಚ್ಚು ಜನರನ್ನ ಪೊಲೀಸರು ಎಳೆದುಕೊಂಡು ಹೋದರು. ಆಮೇಲೆ ಆಪಲ್ ಕಂಪನಿಯೇ ತನಿಖೆ ಮಾಡಿಸಿ, ಹೌದು, ಅಕ್ಟೋಬರ್ ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿದೆ ಅಂತ ಒಪ್ಪಿಕೊಂಡು ವಿಸ್ಟ್ರಾನನ್ನ ನಿಗಾದಲ್ಲಿಟ್ಟಿತು. ೨೦೨೩ರಲ್ಲಿ ಕಾರ್ಖಾನೆ ಟಾಟಾ ಕೈಗೆ ಹೋಯಿತು. ಧಣಿ ಬದಲಾದ. ಕೌಶಲ್ಯ ಇದ್ದೂ ಗುತ್ತಿಗೆ ಯಾಕೆ ಅನ್ನೋ ಪ್ರಶ್ನೆ ಹಾಗೇ ಉಳೀತು.

ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕೋದು ಬೇಡ, ಒಳ್ಳೆಯದನ್ನೂ ಹೇಳ್ತೀವಿ. ಬಿಡದಿಯಲ್ಲಿ ಟೊಯೊಟಾದವರು ೨೦೦೭ರಲ್ಲಿ ಒಂದು ತರಬೇತಿ ಸಂಸ್ಥೆ ತೆರೆದರು. ಹತ್ತನೇ ಕ್ಲಾಸು ಪಾಸಾದ ಹಳ್ಳಿಯ ಬಡ ಮಕ್ಕಳಿಗೆ ಮೂರು ವರ್ಷ ಊಟ ವಸತಿ ಸಮೇತ ಪುಕ್ಕಟೆ ಕಲಿಸ್ತಾರೆ. ನಿಜವಾದ ಮಿಷನ್ನು, ನಿಜವಾದ ಮೇಷ್ಟ್ರು. ಮೂರು ದಿನ ಕೂರಿಸಿ ಸರ್ಟಿಫಿಕೇಟು ಕೊಟ್ಟು ಕಳಿಸೋ ದಂಧೆಗಿಂತ ಇದು ಸಾವಿರ ಪಾಲು ಮೇಲು. ಆದರೆ ಇದೇ ಬಿಡದಿಯಲ್ಲಿ, ೨೦೨೦ರ ನವೆಂಬರ್‌ನಲ್ಲಿ, ಕೆಲಸದ ಒತ್ತಡ ತಗ್ಗಿಸಿ ಅಂತ ಕೇಳಿದ ಕಾರ್ಮಿಕರಿಗೆ ಅದೇ ಬಳಗದ ಕಾರ್ಖಾನೆ ಲಾಕೌಟ್ ಘೋಷಿಸಿತು. ತಿಂಗಳುಗಟ್ಟಲೆ ರಸ್ತೆ ಪಕ್ಕ ಶಾಮಿಯಾನ ಹಾಕಿ ಕೂತರು. ಶಿಸ್ತು, ಸಮಯಪಾಲನೆ, ಸ್ವಚ್ಛತೆ ಎಲ್ಲ ಕಲಿಸ್ತೀರಿ ಸರಿ, ಸಂಘ ಕಟ್ಟೋ ಹಕ್ಕು ಸಂವಿಧಾನದ ೧೯ನೇ ವಿಧಿಯಲ್ಲಿದೆ ಅಂತ ಪಾಠಪಟ್ಟಿಯಲ್ಲಿ ಒಂದು ಪೀರಿಯಡ್ಡು ಉಂಟಾ?

ನಮ್ಮೊಳಗೇ ಕೆಲವರು ಹೇಳ್ತಾರೆ: "ಸಿಗೋದನ್ನ ಯಾಕೆ ಬೇಡ ಅನ್ನಬೇಕು ಕಣ್ರೋ, ಬೆಂಚಿಲ್ಲದೆ ನೆಲದ ಮೇಲೆ ಕೂತು ಓದಿದ ನಮಗೆ ಗೊತ್ತು ಅದರ ಕಷ್ಟ." ನಿಜ. ಬೇಡ ಅನ್ನಿ ಅಂತ ನಾವು ಹೇಳ್ತಿಲ್ಲ. ಬೆಂಚು ತಗೊಳ್ಳಿ, ಕಂಪ್ಯೂಟರ್ ತಗೊಳ್ಳಿ, ಬ್ಯಾಗೂ ತಗೊಳ್ಳಿ. ಹಾರ ಹಾಕಬೇಡಿ, ಮಕ್ಕಳನ್ನ ಬಿಸಿಲಲ್ಲಿ ಕೂರಿಸಬೇಡಿ. ಕೊಟ್ಟವನ ಮುಂದೆ ಕೈಕಟ್ಟಿ ನಿಲ್ಲೋ ಪಾಠವನ್ನ ಆರು ವರ್ಷದ ಮಗುವಿಗೆ ಕಲಿಸಿದರೆ ಅದು ಇಪ್ಪತ್ತಾರಕ್ಕೆ ಕಾರ್ಖಾನೆ ಗೇಟಿನ ಮುಂದೆಯೂ ಕೈಕಟ್ಟೇ ನಿಲ್ಲುತ್ತೆ.

ಗೇಟಿನ ವಿಚಾರಕ್ಕೆ ಬಂದರೆ, ಖಾಸಗಿ ಕಂಪನಿಯಲ್ಲಿ ಮೀಸಲಾತಿ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಮುಕ್ಕಾಲು ನಿಜ. ಉಳಿದ ಕಾಲು ಭಾಗ ಇಲ್ಲಿದೆ. ೧೯೬೧ರ ಅಪ್ರೆಂಟಿಸ್ ಕಾಯ್ದೆಗೆ ೧೯೭೩ರಲ್ಲಿ ತಿದ್ದುಪಡಿ ಮಾಡಿ ೩-ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಗೊತ್ತುಪಡಿಸಿದ ಪ್ರತಿ ಟ್ರೇಡಿನಲ್ಲೂ ಅಪ್ರೆಂಟಿಸ್ ಜಾಗಗಳನ್ನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ಮಾಲೀಕ ಮೀಸಲಿಡಬೇಕು. ೨೦೦೭ರಲ್ಲಿ ಹಿಂದುಳಿದ ವರ್ಗವನ್ನೂ ಸೇರಿಸಿದರು. ಈ ಕಾಯ್ದೆ ಸರ್ಕಾರಿ ಕಾರ್ಖಾನೆಗೂ ಒಂದೇ, ಖಾಸಗಿಗೂ ಒಂದೇ. ೨೦೧೯ರ ನಿಯಮಗಳ ಪ್ರಕಾರ ಮೂವತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಇರೋ ಸಂಸ್ಥೆ, ಗುತ್ತಿಗೆಯವರನ್ನೂ ಲೆಕ್ಕಕ್ಕೆ ಹಿಡಿದು, ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ ಅಪ್ರೆಂಟಿಸರನ್ನ ತಗೊಳ್ಳಲೇಬೇಕು. ಸಾವಿರ ಜನ ದುಡಿಯೋ ಕಾರ್ಖಾನೆ ಅಂದರೆ ಕನಿಷ್ಠ ಇಪ್ಪತ್ತೈದು ಹುಡುಗರು. ೨೦೧೧ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ನೂರು ಜನರಲ್ಲಿ ಮೂವತ್ತು ಜನ ಪರಿಶಿಷ್ಟ ಜಾತಿಯವರು. ಹಾಗಾದರೆ ನಮ್ಮ ಹಾಸ್ಟೆಲಿನಿಂದ ಎಷ್ಟು ಜನ ಹೋಗಿದ್ದೀರಿ, ಎಣಿಸಿ ನೋಡಿ.

ಈ ಕಾಯ್ದೆ ನಮ್ಮ ಪರ ಅಂತ ಕುಣಿಯೋ ಹಾಗೂ ಇಲ್ಲ. ಅಪ್ರೆಂಟಿಸ್ ಅಂದರೆ ತರಬೇತಿಯವನು, ಕಾರ್ಮಿಕ ಅಲ್ಲ ಅಂತ ಇದರ ೧೮ನೇ ಸೆಕ್ಷನ್ ಹೇಳುತ್ತೆ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಇಲ್ಲ. ೨೦೧೪ರ ತಿದ್ದುಪಡಿ ಪ್ರಕಾರ ಪ್ರತಿ ಮಾಲೀಕನೂ ಅಪ್ರೆಂಟಿಸರನ್ನ ಕೆಲಸಕ್ಕೆ ತಗೊಳ್ಳೋ ಬಗ್ಗೆ ತನ್ನದೇ ಒಂದು ನೀತಿ ಮಾಡಿಕೊಳ್ಳಬೇಕು, ಅಷ್ಟೇ. ಆ ನೀತಿಯ ಕಾಗದ ಯಾವ ಬೀರುವಿನಲ್ಲಿದೆ, ಅದರಲ್ಲಿ ಏನು ಬರೆದಿದೆ ಅಂತ ಕೇಳೋ ಹಕ್ಕು ನಮಗಿದೆ.

ಆದ್ದರಿಂದ ಈ ರಜೆಯಲ್ಲಿ ಪ್ರತಿ ಹಾಸ್ಟೆಲಿನ ಗೆಳೆಯರು ಎರಡು ಕೆಲಸ ಮಾಡಿ. ಒಂದು, ನಿಮ್ಮೂರಿನ ಶಾಲೆ ಗೋಡೆ ಮೇಲೆ ಯಾವ ಕಂಪನಿ ಹೆಸರಿದೆಯೋ ಅದರ ವಾರ್ಷಿಕ ವರದಿ ತೆಗೆದು ನೋಡಿ. ಎರಡು ಪರ್ಸೆಂಟಿನ ಖರ್ಚಿನ ಲೆಕ್ಕವನ್ನ ಅದರಲ್ಲಿ ಹಾಕಬೇಕು ಅಂತ ಕಾನೂನಿದೆ. ಅದರಲ್ಲಿ ಬರೆದ ಬೆಂಚು, ಕೊಠಡಿ ನಿಜವಾಗಲೂ ನಿಮ್ಮ ಶಾಲೆಯಲ್ಲಿದೆಯಾ ಅಂತ ತಾಳೆ ಹಾಕಿ. ಎರಡನೆಯದು, ಕಂಪನಿಗೆ ಮಾಹಿತಿ ಹಕ್ಕಿನ ಅರ್ಜಿ ನಡೆಯೋದಿಲ್ಲ, ಆದರೆ ಅಪ್ರೆಂಟಿಸ್ ಲೆಕ್ಕ ಇಡೋ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಗೆ ನಡೆಯುತ್ತೆ. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, ನೂರೈವತ್ತು ಪದ ಮೀರಬಾರದು. ಹೀಗೆ ಬರೀರಿ: ಈ ಕೈಗಾರಿಕಾ ಪ್ರದೇಶದ ಇಂಥಿಂಥ ಸಂಸ್ಥೆಗಳು ಹೋದ ವರ್ಷ ತಗೊಂಡ ಅಪ್ರೆಂಟಿಸರೆಷ್ಟು, ಅದರಲ್ಲಿ ೩-ಎ ಸೆಕ್ಷನ್ ಪ್ರಕಾರ ಪರಿಶಿಷ್ಟರಿಗೆ ಮೀಸಲಿಟ್ಟ ಜಾಗಗಳೆಷ್ಟು, ತುಂಬಿದವೆಷ್ಟು, ಖಾಲಿ ಬಿಟ್ಟವೆಷ್ಟು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ. ಉತ್ತರ ಬಂದವರು ಅದರ ನಕಲನ್ನ, ಬಾರದವರು ಅರ್ಜಿಯ ನಕಲನ್ನ ನಮಗೆ ಕಳಿಸಿ. ಊರು, ಕಾರ್ಖಾನೆ, ಲೆಕ್ಕ ಎಲ್ಲ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.